ಅಬ್ರಹಾಮನ ಸಾಕ್ಷ್ಯ: ಒಂದೇ ಪ್ರಶ್ನೆಗೆ ಐದು ಬಗೆಯ ಓದು

ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ನ್ನೂ (3ನೆಯ ಅಧ್ಯಾಯ, 28ನೆಯ ವಚನ) ಯಾಕೋಬನ ಪತ್ರಿಕೆಯ 2:24ನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. ಮೋಶೆಯ ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುತ್ತಾನೆ ಎಂದು ಪೌಲನು ಹೇಳುತ್ತಾನೆ. ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದಲೇ ನೀತಿವಂತನೆನಿಸಿಕೊಳ್ಳುತ್ತಾನೆ ಎಂದು ಯಾಕೋಬನು ಹೇಳುತ್ತಾನೆ. ಸಾಲದ್ದಕ್ಕೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನೇ ಅಬ್ರಹಾಮನನ್ನು, ಇಬ್ಬರೂ ಎತ್ತಿ ಹೇಳುವುದು ಆದಿಕಾಂಡ 15:6 ಎಂಬ ಒಂದೇ ವಚನವನ್ನು: ಅಬ್ರಹಾಮನು ದೇವರನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು.

ನಮ್ಮ ಬೆಟಗೇರಿಯ ಮನೆಕೂಟದಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಇದನ್ನೇ ಕೇಳಿದಳು: "ಕಾಕಾ, ಇಬ್ಬರಲ್ಲಿ ಯಾರ ಮಾತು ಖರೆ?" ಇಬ್ಬರದೂ ಖರೆ ಎಂದು ಹೇಳಿ ಗೀತೆ ಹಾಡಿ ಎದ್ದುಬಿಡಬಹುದಿತ್ತು. ಬಹಳ ಕಡೆ ಹಾಗೆಯೇ ಆಗುತ್ತದೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಷ್ಟು ಹಳೆಯ ಸಭೆಗಳಲ್ಲಿಯೂ ಸತ್ಯವೇದವನ್ನು ಭಕ್ತಿಗಾಗಿ ಓದುವವರು ಸಿಗುತ್ತಾರೆ, ಬೋಧನೆಯನ್ನು ತಿಳಿಯಲೆಂದು ಓದುವವರು ಕಡಿಮೆ. ಆ ಪ್ರಶ್ನೆಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು, ಜನರು ಸಾಮಾನ್ಯವಾಗಿ ಬಳಸುವ ಅಧ್ಯಯನದ ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ.

ದಿನಕ್ಕೊಂದು ವಚನ ಓದುವ ಪದ್ಧತಿಯನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗುತ್ತೇನೆ. ಹೊಸ ವರ್ಷದ ವಾಗ್ದಾನದ ಕಾರ್ಡು, ಬೆಳಿಗ್ಗೆ ಮೊಬೈಲಿಗೆ ಬರುವ ಹೂವಿನ ಚಿತ್ರದ ವಚನ ಇವೆಲ್ಲ ಮನಸ್ಸಿಗೆ ಧೈರ್ಯ ಕೊಡುತ್ತವೆ, ಸಂತೋಷ. ಬೋಧನೆಯ ಪ್ರಶ್ನೆಗೆ ಅವುಗಳಿಂದ ಕೆಲಸವಿಲ್ಲ. ರೋಮಾ 3:28 ಸೋಮವಾರ ಬಂದು ಯಾಕೋಬ 2:24 ಗುರುವಾರ ಬಂದರೆ ನಡುವಿನ ಸಮಸ್ಯೆಯೇ ಕಣ್ಣಿಗೆ ಬೀಳುವುದಿಲ್ಲ.

ನಿಜವಾದ ಪೈಪೋಟಿ ಶುರುವಾಗುವುದು ಪದ ಹಿಡಿದು ಹುಡುಕುವ ವಿಧಾನದಿಂದ. ಮೊದಲು ಇದಕ್ಕೆ ದಪ್ಪನೆಯ ಪದಾನುಕ್ರಮಣಿಕೆ ಬೇಕಾಗುತ್ತಿತ್ತು, ಈಗ ಮೊಬೈಲಿನ ಬೈಬಲ್ ಆ್ಯಪಿನಲ್ಲಿ "ನಂಬಿಕೆ" ಎಂದು ಬರೆದರೆ ಸಾಕು, ವಚನಗಳ ಸಾಲು ಸಾಲೇ ಇಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿ ನಂಬಿಕೆಯ ಪರವಾದ ವಚನಗಳನ್ನು ಎಡಕ್ಕೆ, ಕ್ರಿಯೆಯ ಪರವಾದವನ್ನು ಬಲಕ್ಕೆ ಬರೆದುಕೊಳ್ಳುತ್ತ ಹೋದೆ. ಬಹಳ ಕೆಲಸ ಮಾಡಿದ ತೃಪ್ತಿ ಸಿಗುತ್ತದೆ. ಈ ವಿಧಾನದ ಅಪಾಯವೂ ಆ ತೃಪ್ತಿಯೇ. ಎಡ ಅಂಕಣದಲ್ಲಿ ಗಲಾತ್ಯ 2:16, ಎಫೆಸ 2:8 ಬಂದು ಕುಳಿತವು. ಎಫೆಸದಲ್ಲಿ ಇನ್ನೆರಡು ವಚನ ಮುಂದೆ ಹೋದರೆ, ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದನು ಎಂಬ ಮಾತಿದೆ. ಒಂದೇ ಉಸಿರಿನಲ್ಲಿ ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಪಕ್ಷವಾಗಿ ಒಡೆದು ನಿಂತಿತ್ತು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪದ ಹಿಡಿದು ಹೋದವನಿಗೆ ಆ ಪದ ಇಲ್ಲದ ಜಾಗ ಕಾಣುವುದಿಲ್ಲ. ಅಬ್ರಹಾಮನು ತನ್ನ ಮಗ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸುವ ಆದಿಕಾಂಡ 22ನೆಯ ಅಧ್ಯಾಯದಲ್ಲಿ ಅವನು ನಂಬಿದನು ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಅಲ್ಲಿರುವುದು ದೇವರ ಭಯದ ಮಾತು. ಯಾಕೋಬನ ವಾದ ನಿಂತಿರುವುದೇ ಆ ಅಧ್ಯಾಯದ ಮೇಲೆ. ಲೂಕ 18ರಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವವ) ಮತ್ತು ಸುಂಕದವನ ಸಾಮ್ಯವೂ, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆಯೂ, ಹಾಗೆಯೇ. ಎದೆ ಬಡಿದುಕೊಂಡ ಸುಂಕದವನು ನೀತಿವಂತನೆನಿಸಿಕೊಂಡು ಮನೆಗೆ ಹೋದನು ಎಂದು ಯೇಸುಸ್ವಾಮಿಯೇ ಹೇಳುತ್ತಾನೆ. ಪೌಲನ ಬೋಧನೆಗೆ ಅದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ, ಆದರೂ ಆ ಸಾಮ್ಯದಲ್ಲಿ "ನಂಬಿಕೆ" ಎಂಬ ಪದವಿಲ್ಲ. ಹುಡುಕಾಟದ ಬಲೆಗೆ ಅದು ಬೀಳಲೇ ಇಲ್ಲ.

ಹಾಗಾಗಿ ಆ್ಯಪು ಬದಿಗಿಟ್ಟು ಪತ್ರಿಕೆಯನ್ನು ಪತ್ರದಂತೆಯೇ, ಮೊದಲಿನಿಂದ ಕೊನೆಯವರೆಗೆ, ಒಂದೇ ಸಲ ಕೂತು ಗಟ್ಟಿಯಾಗಿ ಓದಲು ಹಿಡಿದೆ. ಗಲಾತ್ಯದವರಿಗೆ ಬರೆದ ಪತ್ರಿಕೆ ಆರು ಅಧ್ಯಾಯ, 149 ವಚನ. ಯಾಕೋಬನದು ಐದು ಅಧ್ಯಾಯ, 108 ವಚನ. ಎರಡನ್ನೂ ಓದಿ ಮುಗಿಸಲು ಒಂದು ಗಂಟೆ ಬೇಕಾಗಿಲ್ಲ. ಭಾನುವಾರದ ಪ್ರಸಂಗ ಕೆಲವೊಮ್ಮೆ ಅದಕ್ಕಿಂತ ಉದ್ದವಿರುತ್ತದೆ. ರೋಮಾ ಮಾತ್ರ ದೊಡ್ಡದು, 16 ಅಧ್ಯಾಯ. ಅದಕ್ಕೊಂದು ಸಂಜೆ ಬೇರೆ ಇಡಬೇಕು. ನಾವು ಅಷ್ಟು ಗೌರವದಿಂದ ಉದ್ಧರಿಸುವ ವಚನ ಸಂಖ್ಯೆಗಳು ಪೌಲನು ಹಾಕಿದವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅಧ್ಯಾಯಗಳ ವಿಭಾಗ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನು 1551ರಲ್ಲಿ ಹಾಕಿದನು. ಅದಕ್ಕೆ ಮುಂಚಿನ ಒಂದೂವರೆ ಸಾವಿರ ವರ್ಷ ಕ್ರೈಸ್ತರು ಈ ಪತ್ರಿಕೆಗಳನ್ನು ಸಂಖ್ಯೆಯಿಲ್ಲದೆಯೇ ಓದಿದರು, ಕೇಳಿದರು.

ಹೀಗೆ ಓದಿದಾಗ ಗಲಾತ್ಯದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಊಟದ ಜಗಳ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರೊಂದಿಗೆ (ಯೆಹೂದಿಗಳಲ್ಲದವರೊಂದಿಗೆ) ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ ಕೂಡಲೇ ಸುನ್ನತಿ ಆಗಲೇಬೇಕು ಎನ್ನುವವರಿಗೆ ಹೆದರಿ ಮೆಲ್ಲನೆ ದೂರ ಸರಿದನು. ಪೌಲನು ಎಲ್ಲರೆದುರಿಗೆ ಅವನನ್ನು ಎದುರಿಸಿದನು. ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ಎಂಬ 2:16 ಈ ಜಗಳದ ನಡುವೆ ಬರುವ ಮಾತು. ಯಾರ ಜೊತೆ ಯಾರು ಉಣ್ಣಬಹುದು ಎಂಬ ಪ್ರಶ್ನೆ ನಮ್ಮ ಊರುಗಳ ಜನಕ್ಕೆ ಅರ್ಥವಾಗದ್ದೇನಲ್ಲ. ಸುನ್ನತಿ, ಪಂಕ್ತಿ, ಹಬ್ಬದ ದಿನಗಳ ಆಚರಣೆ ಇವುಗಳಿಂದ ದೇವರ ಜನರೊಳಗೆ ಸೇರಬೇಕು ಎನ್ನುವವರಿಗೆ ಪೌಲನು ಉತ್ತರ ಕೊಡುತ್ತಿದ್ದಾನೆ. ನೆರೆಯವನಿಗೆ ಒಳ್ಳೆಯದು ಮಾಡುವುದು ವ್ಯರ್ಥ ಎಂದು ಅವನು ಎಲ್ಲಿಯೂ ಹೇಳಿಲ್ಲ. ಅದೇ ಪತ್ರಿಕೆಯ 5:6ರಲ್ಲಿ ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯ ಮಾತಿದೆ; 6ನೆಯ ಅಧ್ಯಾಯದಲ್ಲಿ ಎಲ್ಲರಿಗೂ ಒಳ್ಳೆಯದು ಮಾಡಿರಿ ಎಂದಿದೆ.

ಯಾಕೋಬನ ಎದುರಿಗಿರುವ ಜನರೇ ಬೇರೆ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಸಭೆಯಲ್ಲಿ ಒಳ್ಳೆಯ ಜಾಗ ಕೊಟ್ಟು, ಬಡವನನ್ನು ಕಾಲ ಬಳಿ ಕೂರಿಸುವವರು ಅವರು. ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರನಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು" ಎಂದು ಹರಸಿ ಬರಿಗೈಯಲ್ಲಿ ಕಳಿಸುವವರು. ದೇವರು ಒಬ್ಬನೇ ಎಂದು ನಂಬುತ್ತೀಯಲ್ಲವೇ, ದೆವ್ವಗಳೂ ನಂಬಿ ನಡುಗುತ್ತವೆ ಎಂದು 2:19ರಲ್ಲಿ ಅವರನ್ನು ಚುಚ್ಚುತ್ತಾನೆ. ಬಾಯಿಮಾತಿನ ಒಪ್ಪಿಗೆಯನ್ನೇ ನಂಬಿಕೆ ಎಂದುಕೊಂಡವರೊಡನೆ ಅವನ ಜಗಳ.

ಇಷ್ಟಾದ ಮೇಲೆ ಆದಿಕಾಂಡವನ್ನು 12ರಿಂದ 22ರವರೆಗೆ ಅದೇ ರೀತಿ ಓದಿದೆ. ಗಂಟು ಬಿಚ್ಚಿದ್ದು ಅಲ್ಲಿ. ಕರೆ ಕೇಳಿ ಹೊರಟಾಗ ಅಬ್ರಹಾಮನಿಗೆ 75 ವರ್ಷ. 15ನೆಯ ಅಧ್ಯಾಯದಲ್ಲಿ ನಕ್ಷತ್ರಗಳ ಕೆಳಗೆ ನಿಂತು ನಂಬುತ್ತಾನೆ, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಡುತ್ತದೆ. ಇಷ್ಮಾಯೇಲ ಹುಟ್ಟುವಾಗ 86, ಸುನ್ನತಿಯಾಗುವಾಗ 99, ಇಸಾಕ ಹುಟ್ಟುವಾಗ 100. ಬೆಳೆದ ಹುಡುಗ ಸೌದೆ ಹೊತ್ತು ಬೆಟ್ಟ ಹತ್ತುವ 22ನೆಯ ಅಧ್ಯಾಯ ಅದಕ್ಕೂ ಎಷ್ಟೋ ವರ್ಷದ ನಂತರದ್ದು. ರೋಮಾ 4:10ರಲ್ಲಿ ಪೌಲನು ಕೇಳುವುದು ಕಾಲದ ಪ್ರಶ್ನೆಯನ್ನೇ: ನೀತಿಯೆಂದು ಎಣಿಸಿದ್ದು ಸುನ್ನತಿಗೆ ಮುಂಚೆಯೋ ನಂತರವೋ? ಮುಂಚೆ. ಯಾಕೋಬನು ಅದೇ ಜೀವನದ ಇನ್ನೊಂದು ತುದಿಯನ್ನು ಹಿಡಿದು, 15:6ರ ಮಾತು ಇಸಾಕನನ್ನು ಅರ್ಪಿಸಿದಾಗ ನೆರವೇರಿತು ಎನ್ನುತ್ತಾನೆ. ಒಬ್ಬನು ನಂಬಿಕೆ ಎಣಿಕೆಗೆ ಬಂದ ರಾತ್ರಿಯನ್ನು ತೋರಿಸುತ್ತಾನೆ, ಇನ್ನೊಬ್ಬನು ಅದು ಕೈಕಾಲಿಗೆ ಇಳಿದ ಬೆಳಗನ್ನು. ನಡುವೆ ಕಾಲು ಶತಮಾನಕ್ಕಿಂತ ಹೆಚ್ಚಿನ ಅಂತರವಿರಬೇಕು ಎಂಬುದು ನನ್ನ ಲೆಕ್ಕ. ಈ ಅಂತರ ಯಾವ ವಚನಪಟ್ಟಿಯಲ್ಲಿಯೂ ಕಾಣುವುದಿಲ್ಲ.

ವ್ಯಾಖ್ಯಾನ ಗ್ರಂಥಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಅಸಮಾಧಾನವೇ ಇದೆ. ಬಹುಪಾಲು ಇಂಗ್ಲಿಷಿನಲ್ಲಿವೆ, ದುಬಾರಿ ಬೇರೆ. ಆ ಕಾಲದ ಯೆಹೂದಿ ಸಮಾಜ, ಗಲಾತ್ಯ ಪ್ರಾಂತದ ಹಿನ್ನೆಲೆ ಇಂಥವುಗಳಿಗೆ ಅವು ಬೇಕೇ ಬೇಕು. ಆದರೆ ಮೊದಲು ವ್ಯಾಖ್ಯಾನ ತೆರೆದವನು ಆಮೇಲೆ ಮೂಲದಲ್ಲಿ ವ್ಯಾಖ್ಯಾನಕಾರ ಹೇಳಿದ್ದನ್ನಷ್ಟೇ ಕಾಣುತ್ತಾನೆ. ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರನಂಥವನೇ ತನ್ನ ಹೊಸ ಒಡಂಬಡಿಕೆಯ ಅನುವಾದದ 1522ರ ಮುನ್ನುಡಿಯಲ್ಲಿ ಯಾಕೋಬನದನ್ನು ಹುಲ್ಲಿನ ಪತ್ರಿಕೆ ಎಂದುಬಿಟ್ಟ. ಪೌಲನನ್ನು ಅಷ್ಟು ಆಳವಾಗಿ ಓದಿದವನು ಯಾಕೋಬನಿಗೆ ಅಷ್ಟೇ ಸಮಯ ಕೊಟ್ಟಿದ್ದರೆ ಎಂದು ನನಗೆ ಅನ್ನಿಸುತ್ತದೆ. ದೊಡ್ಡವರ ಭುಜದ ಮೇಲೆ ಕೂತರೆ ಅವರ ತಲೆ ತಿರುಗಿದ ಕಡೆಗೇ ನಮ್ಮ ನೋಟವೂ ಹೋಗುತ್ತದೆ.

ಇದಕ್ಕೆ ಹೋಲಿಸಿದರೆ, ಸಭೆಯ ಬೋಧನೆಯನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ಪ್ರಶ್ನೋತ್ತರಾವಳಿ ನನ್ನ ನಿರೀಕ್ಷೆ ಮೀರಿ ಕೆಲಸಕ್ಕೆ ಬಂತು. ದೃಢೀಕರಣದ (ಹರೆಯದವರು ತಮ್ಮ ನಂಬಿಕೆಯನ್ನು ಸಭೆಯೆದುರು ಒಪ್ಪಿಕೊಳ್ಳುವ ವಿಧಿಯ) ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆಯುವ ಸಾಮಗ್ರಿ ಎಂಬ ಭಾವನೆ ನಮ್ಮಲ್ಲಿದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿಯಲ್ಲಿ 129 ಪ್ರಶ್ನೆಗಳಿವೆ. ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂಬ ಮೂರು ಭಾಗ. ದೇವರ ಮುಂದೆ ನೀನು ಹೇಗೆ ನೀತಿವಂತನು ಎಂಬ 60ನೆಯ ಪ್ರಶ್ನೆ ಎರಡನೆಯ ಭಾಗದಲ್ಲಿದೆ. ಕೃಪೆಯಿಂದಲೇ ಬಿಡುಗಡೆಯಾದ ಮೇಲೆ ಸತ್ಕ್ರಿಯೆ ಏಕೆ ಮಾಡಬೇಕು ಎಂಬ 86ನೆಯ ಪ್ರಶ್ನೆಯಿಂದ ಮೂರನೆಯ ಭಾಗ ತೆರೆಯುತ್ತದೆ. ಅಂದರೆ ಉತ್ತರ ಓದುವ ಮೊದಲೇ ಪ್ರಶ್ನೆಗಳನ್ನು ಇಟ್ಟಿರುವ ಜಾಗವೇ ಪೌಲ ಮತ್ತು ಯಾಕೋಬರ ಸಂಬಂಧವನ್ನು ಹೇಳುತ್ತದೆ. ಈ ಬೋಧನೆಯಿಂದ ಜನ ಉಡಾಫೆಯವರಾಗುವುದಿಲ್ಲವೇ ಎಂಬ ಅನುಮಾನಕ್ಕೂ 64ನೆಯ ಪ್ರಶ್ನೆಯಲ್ಲಿ ಜಾಗವಿದೆ. ನಮ್ಮ ಹುಡುಗಿ ಎರಡನೆಯ ಸಲ ಕೇಳಿದ್ದು ಸರಿಯಾಗಿ ಅದನ್ನೇ.

ಅದರ ದೋಷವೂ ಸಣ್ಣದಲ್ಲ. ಪ್ರಶ್ನೋತ್ತರಾವಳಿ ಹುಟ್ಟಿದ ಶತಮಾನದ ಜಗಳವನ್ನು ಹೊತ್ತು ತರುತ್ತದೆ. 80ನೆಯ ಪ್ರಶ್ನೆಯಲ್ಲಿ ಕಥೋಲಿಕರ ಬಲಿಪೂಜೆಯ ಬಗ್ಗೆ ಇರುವ ಕಟುಮಾತನ್ನು ಪಕ್ಕದ ಮನೆಯ ಕಥೋಲಿಕ ಅಕ್ಕನ ಮುಂದೆ ಓದಲು ನನಗೆ ಬಾಯಿ ಬರುವುದಿಲ್ಲ. ಅವರ ಕಡೆ ಟ್ರೆಂಟ್ ಮಹಾಸಭೆಯು, ಮನುಷ್ಯನು ಹೇಗೆ ನೀತಿವಂತನೆನಿಸಿಕೊಳ್ಳುತ್ತಾನೆ ಎಂಬ ನಮ್ಮ ವಿಷಯದ ಮೇಲೆ, 1547ರಲ್ಲಿ ತೀರ್ಮಾನ ಕೊಟ್ಟು ಎದುರು ಪಕ್ಷವನ್ನು ಖಂಡಿಸಿತ್ತು. 1999ರ ಅಕ್ಟೋಬರ್ 31ರಂದು ಲೂಥರನ್ ಸಭೆಗಳ ಒಕ್ಕೂಟವೂ ಕಥೋಲಿಕ ಸಭೆಯೂ ಆಗ್ಸ್‌ಬರ್ಗಿನಲ್ಲಿ ನೀತಿನಿರ್ಣಯದ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿ, ಮೂಲ ವಿಷಯದಲ್ಲಿ ಒಮ್ಮತವಿದೆ ಎಂದವು. ಪ್ರಶ್ನೋತ್ತರಾವಳಿ ಓದುವವರು ಆ ಹೇಳಿಕೆಯನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದು ಮನೆಕೂಟದ ಓದು. ಯಾಕೋಬ 2ನ್ನು ಎಲ್ಲರೂ ಸರದಿಯಲ್ಲಿ ಓದಿದೆವು. ವಯಸ್ಸಾದ ನೇಕಾರರೊಬ್ಬರು, "ಇವನು ನಮ್ಮ ಕಡೆಯವನೇ ಇದ್ದಾನೆ, ನಡೆನುಡಿ ಒಂದಾಗಿರಬೇಕು ಅಂತ ಶರಣರೂ ಇದನ್ನೇ ಹೇಳಿದರು" ಎಂದರು. ಕೂಟ ಚುರುಕಾಯಿತು. ನಿವೃತ್ತ ನರ್ಸ್ ಅಕ್ಕನವರು ರಾತ್ರಿ ಪಾಳಿಯಲ್ಲಿ ಕಂಡ ರೋಗಿಗಳ ಕಥೆ ಹೇಳಿದರು. "ಬೆಚ್ಚಗಿರು" ಎಂದು ಹೇಳಿ ಹೋಗುವ ಸಂದರ್ಶಕರನ್ನು ಅವರು ಬಲ್ಲರು. ಆ ವಚನಕ್ಕೆ ಇಂಥ ಜೀವ ಯಾವ ಗ್ರಂಥದಿಂದಲೂ ಬರುವುದಿಲ್ಲ. ಆದರೆ ಮುಕ್ಕಾಲು ಗಂಟೆಯಲ್ಲಿ ಮಾತೆಲ್ಲ ಒಳ್ಳೆಯವರಾಗಿ ಬದುಕಬೇಕು ಎಂಬಲ್ಲಿಗೆ ಬಂದು ನಿಂತಿತು. ಅಬ್ರಹಾಮನೂ ರಾಹಾಬಳೂ ಕೇವಲ ಒಳ್ಳೆಯ ನಡತೆಯ ಮಾದರಿಗಳಾಗಿಬಿಟ್ಟರು. ಯಾಕೋಬನು ಅಬ್ರಹಾಮನ ಜೊತೆ ಹೆಸರಿಸುವ ರಾಹಾಬಳು ಯೆರಿಕೋವಿನ ವೇಶ್ಯೆ. ಯೆಹೋಶುವ 2ರಲ್ಲಿ ಅವಳು ಗೂಢಚಾರರನ್ನು ಅಡಗಿಸುವುದು ಇಸ್ರಾಯೇಲರ ದೇವರ ಬಗ್ಗೆ ಕೇಳಿದ್ದನ್ನು ನಂಬಿಯೇ. ನಡತೆಯ ಪ್ರಮಾಣಪತ್ರಕ್ಕೆ ಅವಳು ಒಗ್ಗುವುದಿಲ್ಲ. ಇದನ್ನು ಹೇಳಿದಾಗ ನೇಕಾರ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಾಕೋಬ ಪೌಲನ ಕಡೆಯವನೂ ಹೌದು" ಎಂದರು. ಕೂಟದ ಓದಿಗೆ ಮೊದಲು ಮನೆಯಲ್ಲಿ ಇಡೀ ಪತ್ರಿಕೆ ಓದಿ ಬರಬೇಕು ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ. ಎಲ್ಲರೂ ಓದಿ ಬರುತ್ತಾರೆ ಎಂದಲ್ಲ, ಇಬ್ಬರು ಓದಿ ಬಂದರೂ ಮಾತಿನ ದಿಕ್ಕು ಬದಲಾಗುತ್ತದೆ.

ಇಡೀ ಪತ್ರಿಕೆಯ ಓದು ನನ್ನ ಮಟ್ಟಿಗೆ ಮೊದಲನೆಯದು, ಪ್ರಶ್ನೋತ್ತರಾವಳಿ ಎರಡನೆಯದು. ಕೂಟ ಮೂರನೆಯದು, ಅದೂ ಮೊದಲನೆಯದು ಆದ ಮೇಲೆ. ವ್ಯಾಖ್ಯಾನವನ್ನು ಅನುಮಾನ ಬಂದಾಗ ತೆರೆದರೆ ಸಾಕು. ಪದ ಹುಡುಕುವ ಆ್ಯಪು, ಎಲ್ಲೋ ಓದಿದ ವಚನ ಎಲ್ಲಿದೆ ಎಂದು ಪತ್ತೆ ಹಚ್ಚಲು.

ಈ ಕ್ರಮ ಎಲ್ಲ ಬೋಧನೆಗೂ ನಡೆಯುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕತ್ವವನ್ನು ತೆಗೆದುಕೊಳ್ಳಿ. ಅದನ್ನು ಆದಿಯಿಂದ ಅಂತ್ಯದವರೆಗೆ ವಾದ ಹೂಡಿ ಹೇಳುವ ಒಂದು ಪತ್ರಿಕೆ ಹೊಸ ಒಡಂಬಡಿಕೆಯಲ್ಲಿ ಇಲ್ಲ. ಮತ್ತಾಯ 28:19ರ ದೀಕ್ಷಾಸ್ನಾನದ ಮಾತು, ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಆಶೀರ್ವಾದ ಹೀಗೆ ಅದು ಹರಡಿಕೊಂಡಿದೆ. ಸಭೆ ಅದನ್ನು ಒಂದೆಡೆ ಕೂಡಿಸಿ ಹೇಳಿದ್ದು 325ರ ನಿಕಾಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಲ್ಲಿ. ಅಲ್ಲಿ ನಾನು ಕೊನೆಗೆ ತಳ್ಳಿದ ವಚನಪಟ್ಟಿಯೇ ಮುಂದೆ ಬರಬೇಕಾಗುತ್ತದೆ, ಆ ಮಹಾಸಭೆಗಳ ವಿಶ್ವಾಸಪ್ರಮಾಣ (ನಂಬಿಕೆಯ ಸಾರಾಂಶ) ಅದರ ಪಕ್ಕದಲ್ಲಿರಬೇಕಾಗುತ್ತದೆ. ನಮ್ಮ ಕೂಟ ಮುಂದಿನ ತಿಂಗಳು ಯೋಹಾನ 14ರಿಂದ 16ನ್ನು ಹಿಡಿಯಲಿದೆ; ಆ ಹುಡುಗಿ ಈಗಾಗಲೇ ಮೊಬೈಲಿನಲ್ಲಿ "ಪವಿತ್ರಾತ್ಮ" ಎಂದು ಹುಡುಕಿ ಪಟ್ಟಿ ಮಾಡುತ್ತಿದ್ದಾಳೆ, ಈ ಸಲ ನಾನು ತಡೆಯಲಿಲ್ಲ.