ಟೆರಾಫಾರ್ಮ್ ಪ್ರೊವೈಡರ್ ಅಪ್‌ಗ್ರೇಡ್: ವಾಪಸ್ ಬರೋ ದಾರಿ ಇದೆ ಅಂದುಕೊಳ್ಳಬೇಡಿ

ಕೋಡ್ ಬರೆದು ಕ್ಲೌಡ್‌ನಲ್ಲಿ ಸರ್ವರ್ ಕಟ್ಟಿಸುವ ಸಾಧನ ಟೆರಾಫಾರ್ಮ್. ಅದರ ಪ್ಲಗಿನ್‌ಗಳ ವರ್ಷನ್ ಬರೆದಿಡುವ ಲಾಕ್ ಫೈಲ್ ನಿಮ್ಮ ರೆಪೊದಲ್ಲಿ ಗಿಟ್‌ಇಗ್ನೋರ್ (ಗಿಟ್ ಉಳಿಸಬಾರದ ಫೈಲ್‌ಗಳ ಪಟ್ಟಿ) ಒಳಗೆ ಇದೆಯಾ? ಈಗಲೇ ಒಮ್ಮೆ ನೋಡಿ. ನಮ್ಮಲ್ಲಿ ಇತ್ತು. ಅದರಿಂದ ಒಂದು ಶುಕ್ರವಾರ ಸಂಜೆ ನಮ್ಮ ಪ್ರೊಡಕ್ಷನ್ ಕ್ಲಸ್ಟರ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಮೆಷಿನ್‌ಗಳ ಗುಂಪಿನಲ್ಲಿ, ಒಂದೇ ಒಂದು ನೋಡ್ (ಮೆಷಿನ್) ಕೂಡ ಉಳಿಯಲಿಲ್ಲ.

ನಾನು ವೈಟ್‌ಫೀಲ್ಡ್‌ನ ಒಂದು ಚಿಕ್ಕ ಕಂಪನಿಯಲ್ಲಿ ಡೆವ್‌ಆಪ್ಸ್ ಕೆಲಸ ಮಾಡುತ್ತೇನೆ. ನಮ್ಮ ಸಾಫ್ಟ್‌ವೇರ್ ಬಳಸುವುದು ಸಣ್ಣ ಊರುಗಳ ಕ್ಲಿನಿಕ್‌ಗಳು. ಟೋಕನ್ ಕೊಡುವುದು, ಹಳೇ ಚೀಟಿ ತೆಗೆಯುವುದು, ಬಿಲ್ ಮಾಡುವುದು ಎಲ್ಲ ಅದರಲ್ಲೇ. ಸಂಜೆ 6ರಿಂದ 8ರವರೆಗೆ ಅವರಿಗೆ ಜಾಸ್ತಿ ರಶ್.

ಅವತ್ತು ಬದಲಾಗಬೇಕಿದ್ದದ್ದು ಒಂದೇ ಸಾಲು. ಒಂದು ನೋಡ್ ಗ್ರೂಪಿನ ಸಂಖ್ಯೆ 6 ಇದ್ದದ್ದು 8 ಆಗಬೇಕು, ಅಷ್ಟೇ. ನಮ್ಮ ಟೀಮಿನ ಹುಡುಗ ಬದಲಾಯಿಸಿದ. ನಾನು ಮೊಬೈಲಿನಲ್ಲೇ ನೋಡಿ ಸರಿ ಅಂದೆ, ವಿಜಯನಗರಕ್ಕೆ ಹೋಗಲು ಮೆಟ್ರೊ ಹತ್ತಿದೆ. ರೈಲು ಇಂದಿರಾನಗರ ಸ್ಟೇಷನ್ ಸೇರುವ ಹೊತ್ತಿಗೆ ಅವನ ಫೋನ್ ಬಂತು. "ಅಕ್ಕಾ, ಪಾಡ್‌ಗಳೆಲ್ಲ ಪೆಂಡಿಂಗ್ ಅಂತ ತೋರಿಸ್ತಿವೆ. ನಾನು ಬರೀ ನೋಡ್ ಸಂಖ್ಯೆ ಬದಲಾಯಿಸಿದ್ದು, ಬೇರೆ ಏನೂ ಮುಟ್ಟಿಲ್ಲ." ಪಾಡ್ ಅಂದರೆ ನೋಡ್ ಮೇಲೆ ಓಡುವ ನಮ್ಮ ಸಾಫ್ಟ್‌ವೇರಿನ ಒಂದು ಭಾಗ; ಪೆಂಡಿಂಗ್ ಅಂದರೆ ಅದಕ್ಕೆ ಓಡಲು ನೋಡ್ ಸಿಕ್ಕಿಲ್ಲ. ಅಲ್ಲೇ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ.

ಅವನು ಹೇಳಿದ್ದು ಪೂರ್ತಿ ನಿಜ. ಅವನು ಬೇರೆ ಏನನ್ನೂ ಮುಟ್ಟಿರಲಿಲ್ಲ. ಬದಲಾಗಿದ್ದದ್ದು ಪ್ಲಗಿನ್.

ಟೆರಾಫಾರ್ಮ್‌ಗೆ ತಾನಾಗಿ ಯಾವ ಕ್ಲೌಡೂ ಗೊತ್ತಿಲ್ಲ. ಪ್ರೊವೈಡರ್ ಎಂಬ ಪ್ಲಗಿನ್ ಮೂಲಕವೇ ಅದು ಕ್ಲೌಡ್ ಜೊತೆ ಮಾತಾಡುತ್ತದೆ. ನಮ್ಮ ಕೋಡಿನಲ್ಲಿ ಆ ಪ್ಲಗಿನ್‌ಗೆ ">=" ಹಾಕಿ ಒಂದು ಹಳೇ ವರ್ಷನ್ ಬರೆದಿತ್ತು. ಅಂದರೆ ಅದು, ಇಲ್ಲವೇ ಅದಕ್ಕಿಂತ ಹೊಸದು ಯಾವುದಾದರೂ ನಡೆಯುತ್ತದೆ. ಕೋಡಿನ ಬದಲಾವಣೆಯನ್ನು ತಾನಾಗಿ ಕ್ಲೌಡ್‌ಗೆ ಹಾಕುವ ಪೈಪ್‌ಲೈನ್ ಪ್ರತಿ ಸಲ ಹೊಸ ಮೆಷಿನ್‌ನಲ್ಲಿ ಓಡುತ್ತದೆ. ಲಾಕ್ ಫೈಲ್ ಇಲ್ಲದಿದ್ದರೆ ಇನಿಟ್ (ಮೊದಲ ಸಿದ್ಧತೆ) ಮಾಡಿದಾಗಲೆಲ್ಲ ಇರುವುದರಲ್ಲಿ ಹೊಸದನ್ನೇ ಇಳಿಸಿಕೊಳ್ಳುತ್ತದೆ. ಹಿಂದಿನ ಸಲ ಓಡಿಸಿ ಮೂರು ವಾರ ಆಗಿತ್ತು. ಅಷ್ಟರಲ್ಲಿ ಹೊಸ ಮೇಜರ್ ವರ್ಷನ್ ಬಂದಿತ್ತು. ಅಪ್‌ಗ್ರೇಡ್ ಮಾಡೋಣ ಎಂದು ನಮ್ಮಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ಅದು ಸುಮ್ನೆ ಆಗಿಹೋಯಿತು.

ಲಾಕ್ ಫೈಲನ್ನು ಗಿಟ್‌ಇಗ್ನೋರ್‌ಗೆ ಹಾಕಿದ್ದು ಯಾಕೆ ಎಂದು ಆಮೇಲೆ ಹುಡುಕಿದೆ. ಈ ಕಾರಣ ನಿಮ್ಮಲ್ಲೂ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ. ಯಾರದೋ ಮ್ಯಾಕ್‌ನಲ್ಲಿ ಪ್ಲಗಿನ್ ಕ್ಯಾಶ್ (ಒಮ್ಮೆ ಇಳಿಸಿದ ಪ್ಲಗಿನ್ನನ್ನೇ ಮತ್ತೆ ಬಳಸುವ ವ್ಯವಸ್ಥೆ) ಆನ್ ಆಗಿತ್ತು. ಹಾಗಿದ್ದಾಗ ಲಾಕ್ ಫೈಲಿಗೆ ಆ ಮ್ಯಾಕ್‌ನ ಚೆಕ್‌ಸಮ್ (ಇಳಿಸಿದ ಫೈಲ್ ಸರಿಯಾದದ್ದೇ ಎಂದು ತಾಳೆ ನೋಡುವ ಗುರುತು) ಮಾತ್ರ ಸೇರುತ್ತದೆ. ಲಿನಕ್ಸ್‌ನಲ್ಲಿ ಓಡುವ ಪೈಪ್‌ಲೈನ್ ಚೆಕ್‌ಸಮ್ ಹೊಂದುತ್ತಿಲ್ಲ ಎಂದು ನಿಂತುಬಿಡುತ್ತಿತ್ತು. ಕೆಲಸ ನಿಲ್ಲಬಾರದು ಅಂತ ಫೈಲನ್ನೇ ಹೊರಗಿಟ್ಟರು. ಸರಿಯಾದ ದಾರಿ ಒಂದೇ ಕಮಾಂಡಿನದು: ಟೆರಾಫಾರ್ಮ್ ಪ್ರೊವೈಡರ್ಸ್ ಲಾಕ್. ಅದಕ್ಕೆ ಪ್ಲಾಟ್‌ಫಾರ್ಮ್ ಆಯ್ಕೆ ಕೊಟ್ಟು ಲಿನಕ್ಸ್, ಮ್ಯಾಕ್ ಎರಡನ್ನೂ ಹೇಳಿದರೆ ಎರಡರ ಚೆಕ್‌ಸಮ್ಮೂ ಫೈಲಿಗೆ ಬರುತ್ತವೆ.

ಸರಿ, ಹೊಸ ಪ್ಲಗಿನ್ ಬಂತು. ನೋಡ್ ಯಾವ ಇಮೇಜ್‌ನಿಂದ (ಆಪರೇಟಿಂಗ್ ಸಿಸ್ಟಂನ ಸಿದ್ಧ ಪ್ರತಿಯಿಂದ) ಏಳಬೇಕು ಎಂಬುದನ್ನು ನಾವು ಕೋಡಿನಲ್ಲಿ ಬರೆದಿರಲಿಲ್ಲ. ಹಳೇ ವರ್ಷನ್ ಅಲ್ಲಿ ಇದ್ದದ್ದನ್ನು ಹಾಗೇ ಬಿಡುತ್ತಿತ್ತು. ಹೊಸದು ತನ್ನದೇ ಡಿಫಾಲ್ಟ್ ಹಿಡಿದುಕೊಂಡು, ವ್ಯತ್ಯಾಸ ಇದೆ, ಇದನ್ನು ಇದ್ದಲ್ಲೇ ಬದಲಾಯಿಸಲು ಆಗಲ್ಲ, ಗ್ರೂಪನ್ನೇ ಹೊಸದಾಗಿ ಮಾಡಬೇಕು ಎಂದಿತು. ಏನೇನು ಬದಲಾಗುತ್ತದೆ ಎಂದು ಮೊದಲೇ ತೋರಿಸುವ ಪ್ಲಾನ್‌ನಲ್ಲಿ ನಮ್ಮ ಮೂರೂ ನೋಡ್ ಗ್ರೂಪಿನ ಎದುರು "-/+" ಗುರುತು ಸ್ಪಷ್ಟವಾಗಿ ಬಂದಿತ್ತು. ಲಾಗ್‌ನಲ್ಲಿ ಇವತ್ತಿಗೂ ಇದೆ. ಆದರೆ ನಮ್ಮ ಪೈಪ್‌ಲೈನ್‌ನಲ್ಲಿ ಆಟೋ ಅಪ್ರೂವ್ ಇತ್ತು, ಯಾರನ್ನೂ ಕೇಳದೆ ಪ್ಲಾನ್ ಜಾರಿಯಾಗುತ್ತಿತ್ತು. ಓದುವವರೇ ಇರಲಿಲ್ಲ.

"-/+" ಅಂದರೆ ಮೊದಲು ಅಳಿಸುವುದು, ಆಮೇಲೆ ಕಟ್ಟುವುದು. ಟೆರಾಫಾರ್ಮ್ ಒಂದೇ ಹೊತ್ತಿಗೆ 10 ಕೆಲಸ ನಡೆಸುತ್ತದೆ, ಡಿಫಾಲ್ಟ್ ಅದು. ಹಾಗಾಗಿ ಮೂರು ಗ್ರೂಪ್‌ಗಳೂ ಒಟ್ಟಿಗೇ ಹೋದವು. ಕಟ್ಟುವಾಗ ಎರರ್. ಡಿಫಾಲ್ಟ್ ಇಮೇಜ್ ಎಕ್ಸ್86 ಪ್ರೊಸೆಸರಿನದು, ನಮ್ಮ ಮೆಷಿನ್‌ಗಳದ್ದು ಆರ್ಮ್ ಪ್ರೊಸೆಸರ್. ಒಂದರದ್ದು ಇನ್ನೊಂದರಲ್ಲಿ ಓಡುವುದಿಲ್ಲ.

ಇಲ್ಲಿಂದ ಮುಂದಿನದ್ದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಪ್ಲಗಿನ್‌ನಿಂದ ತೊಂದರೆ ಆಗಿದೆ ಎಂದು ತಿಳಿದ ಕೂಡಲೇ ಹಳೇ ವರ್ಷನ್ ಸಂಖ್ಯೆ ಬರೆದು ಮತ್ತೆ ಓಡಿಸಿದೆ. ಯಾರಾದರೂ ಅದನ್ನೇ ಮಾಡುತ್ತಾರೆ ಅಲ್ವಾ? ಓಡಲಿಲ್ಲ. ಕ್ಲಸ್ಟರ್‌ನ ಸ್ಟೇಟ್ (ತಾನು ಕಟ್ಟಿದ್ದರ ಬಗ್ಗೆ ಟೆರಾಫಾರ್ಮ್ ಇಡುವ ದಾಖಲೆ) ಇದಕ್ಕಿಂತ ಹೊಸ ಪ್ರೊವೈಡರ್ ಬರೆದದ್ದು, ಈ ವರ್ಷನ್ ಅದನ್ನು ಓದಲಾರದು ಎಂದು ನಿಂತುಬಿಟ್ಟಿತು. ಟೆರಾಫಾರ್ಮ್ ಕಟ್ಟುವ ಪ್ರತಿ ವಸ್ತುವಿಗೂ (ರಿಸೋರ್ಸ್) ಸ್ಟೇಟ್ ಫೈಲಿನಲ್ಲಿ ಒಂದು ಸ್ಕೀಮಾ ಸಂಖ್ಯೆ, ಅಂದರೆ ದಾಖಲೆಯ ನಮೂನೆಯ ಸಂಖ್ಯೆ, ಇರುತ್ತದೆ. ಹೊಸ ಪ್ಲಗಿನ್ ಆ ಸಂಖ್ಯೆ ಏರಿಸಿ ಸ್ಟೇಟ್ ಬರೆದರೆ, ಇಳಿಸುವ ವ್ಯವಸ್ಥೆ ಇಲ್ಲ. ಎಲ್ಲ ಅಪ್‌ಡೇಟ್‌ನಲ್ಲೂ ಹೀಗಾಗಲ್ಲ, ಸ್ಕೀಮಾ ಬದಲಾದಾಗ ಮಾತ್ರ. ನಮಗೆ ಆವತ್ತೇ ಆಯಿತು.

ಆಗ ಉಳಿದ ದಾರಿ ಹಳೇ ಸ್ಟೇಟ್ ಫೈಲ್ ವಾಪಸ್ ಹಾಕುವುದು. ಆ ಫೈಲ್ ಇಡುವ ಬಕೆಟ್‌ನಲ್ಲಿ (ಕ್ಲೌಡಿನ ಫೈಲ್ ಸಂಗ್ರಹ) ಹುಡುಕಿದರೆ, ಹಳೇ ಪ್ರತಿಗಳನ್ನು ಉಳಿಸುವ ವರ್ಷನಿಂಗ್ ಆಫ್. ಒಂದೇ ಪ್ರತಿ, ಅದೂ ಹೊಸದು.

ಆ ಹೊತ್ತಿಗೆ ದಾವಣಗೆರೆಯ ಒಂದು ಕ್ಲಿನಿಕ್‌ನಿಂದ ಕರೆ ನನಗೇ ಬಂತು. ಕೌಂಟರಿನಲ್ಲಿ ಕೂರುವ ಹೆಣ್ಣುಮಗಳು. "ಮೇಡಂ, ಹೊರಗೆ 30 ಜನ ಕೂತಿದ್ದಾರೆ. ಟೋಕನ್ ಕೈಯಲ್ಲೇ ಬರ್ದು ಕೊಡ್ತಿದ್ದೀನಿ. ಹಳೇ ಚೀಟಿ ಕೇಳ್ತಾರೆ, ಏನ್ ಹೇಳ್ಲಿ?" ಬೈಯಲಿಲ್ಲ ಅವರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೊನೆಗೆ ಹಿಂದಕ್ಕೆ ಹೋಗುವ ಯೋಚನೆ ಬಿಟ್ಟೆ. ಹೊಸ ಪ್ಲಗಿನ್ನನ್ನೇ ಇಟ್ಟುಕೊಂಡು ಇಮೇಜ್ ಬಗೆಯನ್ನು ಕೋಡಿನಲ್ಲಿ ಬರೆದೆ. ಪ್ಲಾನ್ ಅನ್ನು ಸಾಲು ಸಾಲಾಗಿ ಇಬ್ಬರೂ ಓದಿದೆವು, ಆಮೇಲೆ ಅಪ್ಲೈ. ನೋಡ್‌ಗಳು ಎದ್ದಾಗ 7 ಗಂಟೆ 10 ನಿಮಿಷ. ಹಿಂದಕ್ಕೆ ಹೋಗಲು ಹೆಣಗಿ 20 ನಿಮಿಷ ಕಳೆದಿದ್ದೆ.

ಇದು ಯಾವುದೋ ಒಂದು ಪ್ಲಗಿನ್‌ನ ಕಥೆ ಅಂದುಕೊಳ್ಳಬೇಡಿ. ಮೇಜರ್ ವರ್ಷನ್ ಅಂದರೇ ಹಳೇದು ಮುರಿಯಬಹುದು ಎಂಬ ಎಚ್ಚರಿಕೆ. 2022ರ ಫೆಬ್ರವರಿಯಲ್ಲಿ ಅಮೆಜಾನ್ ಕ್ಲೌಡಿನ ಎಡಬ್ಲ್ಯೂಎಸ್ ಪ್ರೊವೈಡರ್ 4.0 ಬಂದಾಗ ಎಸ್3 ಬಕೆಟ್ ಒಳಗೆ ಬರೆಯುತ್ತಿದ್ದ ಹಲವು ಸೆಟ್ಟಿಂಗ್‌ಗಳನ್ನು ಬೇರೆ ಬೇರೆ ರಿಸೋರ್ಸ್‌ಗಳಾಗಿ ಬರೆಯಬೇಕಾಯಿತು. ಕ್ಲಸ್ಟರ್ ನಡೆಸುವ ಕುಬರ್ನೆಟೀಸ್‌ನ ಪ್ರೊವೈಡರ್, 2.0 ಆದ ಮೇಲೆ, ಲ್ಯಾಪ್‌ಟಾಪಿನ ಕ್ಯೂಬ್‌ಕಾನ್ಫಿಗ್ (ಕ್ಲಸ್ಟರಿನ ವಿಳಾಸ, ಗುರುತು ಇರುವ ಫೈಲ್) ಅನ್ನು ತಾನಾಗಿ ಓದುವುದನ್ನು ನಿಲ್ಲಿಸಿತು. ಇವೆಲ್ಲ ಅಪ್‌ಗ್ರೇಡ್ ಗೈಡಿನಲ್ಲಿ ಬರೆದೇ ಇರುತ್ತವೆ. ಅಪ್‌ಗ್ರೇಡ್ ಆಗಿದೆ ಎಂದೇ ಗೊತ್ತಿಲ್ಲದವರು ಗೈಡ್ ಓದುವುದು ಹೇಗೆ?

ದಯವಿಟ್ಟು ">=" ತೆಗೆದು "~>" ಹಾಕಿ. "~> 5.30" ಅಂದರೆ 5ರೊಳಗೆ ಮುಂದೆ ಹೋಗಬಹುದು, 6.0ಕ್ಕೆ ಹಾರುವುದಿಲ್ಲ. ಲಾಕ್ ಫೈಲನ್ನು ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ಉಳಿಸಿ. ಟೆರಾಫಾರ್ಮ್ 0.14ರಿಂದಲೇ ಅದು ಇದೆ. ಒಂದು ವಿಷಯ ತುಂಬ ಜನ ಗಮನಿಸುವುದಿಲ್ಲ: ಲಾಕ್ ಫೈಲ್ ಹಿಡಿದಿಡುವುದು ಪ್ರೊವೈಡರ್‌ಗಳನ್ನು ಮಾತ್ರ, ಮಾಡ್ಯೂಲ್‌ಗಳನ್ನಲ್ಲ (ಮಾಡ್ಯೂಲ್ ಅಂದರೆ ಮತ್ತೆ ಮತ್ತೆ ಬಳಸುವ ಟೆರಾಫಾರ್ಮ್ ಕೋಡಿನ ಕಟ್ಟು). ಮಾಡ್ಯೂಲಿನ ವರ್ಷನ್ ಅನ್ನು ಕೋಡಿನಲ್ಲಿ ನೀವೇ ಬರೆಯಬೇಕು. ಸ್ಟೇಟ್ ಇರುವ ಬಕೆಟ್‌ಗೆ ವರ್ಷನಿಂಗ್ ಇವತ್ತೇ ಆನ್ ಮಾಡಿ. ಪ್ಲಗಿನ್ ಅಪ್‌ಗ್ರೇಡ್ ಜೊತೆ ಬೇರೆ ಯಾವ ಬದಲಾವಣೆಯನ್ನೂ ಸೇರಿಸಬೇಡಿ, ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದು ಇಟ್ಟ ಪ್ರತಿಯಲ್ಲಿ) ಮೊದಲು ನಡೆಸಿ. ಅಳಿಸಲು ಬಿಡದ ಪ್ರಿವೆಂಟ್ ಡಿಸ್ಟ್ರಾಯ್ ಸೆಟ್ಟಿಂಗನ್ನು ಕ್ಲಸ್ಟರ್‌ಗೆ ಹಾಕಿಡಿ. ನೋಡ್ ಗ್ರೂಪ್‌ಗೆ ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್ (ಮೊದಲು ಹೊಸದು ಕಟ್ಟಿ, ಆಮೇಲೆ ಹಳೇದನ್ನು ಅಳಿಸುವುದು) ಒಳ್ಳೆಯದು. ಆದರೆ ಗ್ರೂಪಿನ ಹೆಸರು ಖಾಯಂ ಇದ್ದರೆ ಹೊಸದು ಅದೇ ಹೆಸರಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಹೆಸರಿನ ಮೊದಲ ಭಾಗ ಮಾತ್ರ ಕೊಟ್ಟು ಉಳಿದದ್ದನ್ನು ಟೆರಾಫಾರ್ಮ್‌ಗೆ ಬಿಡಿ.

ಆಟೋ ಅಪ್ರೂವ್ ನಮ್ಮಲ್ಲಿ ಈಗ ಇಲ್ಲ. ಪ್ಲಾನ್ ಅನ್ನು ಫೈಲಿಗೆ ಉಳಿಸುತ್ತೇವೆ. ಅದರಲ್ಲಿ ಅಳಿಸುವ ಕೆಲಸ ಒಂದಿದ್ದರೂ ಪೈಪ್‌ಲೈನ್ ನಿಲ್ಲುತ್ತದೆ, ಒಬ್ಬರು ಓದಿ ಒಪ್ಪಿದರೆ ಮಾತ್ರ ಅದೇ ಫೈಲ್ ಅಪ್ಲೈ ಆಗುತ್ತದೆ. ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಸ್ಟೇಜಿಂಗ್‌ನಲ್ಲಿ ಅದು ನಿಂತಿತು. ಮತ್ತೆ ಅದೇ "-/+", ಈ ಸಲ ಬರುವ ಕೋರಿಕೆಗಳನ್ನು ಮೆಷಿನ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಎದುರು. ಆ ಹುಡುಗನೇ ಮೊದಲು ನೋಡಿದ್ದು.