ಮುಟ್ಟದೆ ನುಡಿಸಿದ ಪಿಯಾನೊ

1939ರ ಸೆಪ್ಟೆಂಬರ್ 23ರಂದು ಪೋಲೆಂಡಿನ ರಾಜಧಾನಿ ವಾರ್ಸಾದ ರೇಡಿಯೊ ಕೇಂದ್ರದಲ್ಲಿ ಯಹೂದಿ ಪಿಯಾನೊ ವಾದಕ ವ್ಲಾಡಿಸ್ಲಾವ್ ಶ್ಪಿಲ್ಮನ್ ಸಂಯೋಜಕ ಶೋಪ್ಯಾನ್‌ನ ನಾಕ್ಟರ್ನ್ ಎಂಬ ಪುಟ್ಟ, ಮೃದುವಾದ ಪಿಯಾನೊ ಕೃತಿಯನ್ನು ನುಡಿಸುತ್ತಿದ್ದಾನೆ. ಜರ್ಮನ್ನರ ದಾಳಿಗೆ ಕಟ್ಟಡ ನಡುಗಿ ಸುಣ್ಣದ ಗಾರೆ ಉದುರುತ್ತಿದ್ದರೂ ಅವನ ಬೆರಳುಗಳು ನಿಲ್ಲುವುದಿಲ್ಲ. ಈ ಆರಂಭವನ್ನು ಕಂಡವರಿಗೆ ಮುಂದಿನದು ಸಂಗೀತದ ಗೆಲುವಿನ ಕಥೆಯೆನಿಸಬಹುದು. ಆದರೆ ರೋಮನ್ ಪೊಲಾನ್ಸ್ಕಿ ನಿರ್ದೇಶಿಸಿದ 2002ರ ‘ದಿ ಪಿಯಾನಿಸ್ಟ್’ ಅಂತಹ ಸುಲಭದ ಸಮಾಧಾನವನ್ನು ನೀಡುವುದಿಲ್ಲ. ಅದೇ ಅದರ ಹಿರಿಮೆಯೆಂದು ನಾನು ನಂಬಿದ್ದೇನೆ.

ಬಾಲ್ಯದಲ್ಲಿ ಕ್ರಾಕೋವ್ ನಗರದ ಘೆಟ್ಟೊದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಬದುಕಿ, ತಾಯಿಯನ್ನು ಆಶ್‌ವಿಟ್ಸ್‌ನ ನಾಜಿ ಶಿಬಿರದಲ್ಲಿ ಕಳೆದುಕೊಂಡ ಪೊಲಾನ್ಸ್ಕಿ ಇಲ್ಲಿ ಎಲ್ಲಿಯೂ ದನಿ ಏರಿಸುವುದಿಲ್ಲ. 1940ರ ನವೆಂಬರ್‌ನಲ್ಲಿ ವಾರ್ಸಾದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ ಕ್ರೌರ್ಯವನ್ನು ಅವರು ಒಂದು ಕುಟುಂಬದ ಊಟದ ಮೇಜಿನ ಸುತ್ತಲೇ ಕಟ್ಟಿಕೊಡುತ್ತಾರೆ. 1942ರ ಆಗಸ್ಟ್‌ನಲ್ಲಿ, ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಹೊರಡುವ ರೈಲಿಗಾಗಿ ಬಿಸಿಲಿನಲ್ಲಿ ಕಾಯುತ್ತಿರುವಾಗ, ತಂದೆ ಇಪ್ಪತ್ತು ಜ್ಲೋಟಿ ತೆತ್ತು ಒಂದೇ ಒಂದು ಕ್ಯಾರಮೆಲ್ ಮಿಠಾಯಿ ಕೊಂಡು, ಅದನ್ನು ಚಾಕುವಿನಿಂದ ಆರು ಪಾಲು ಮಾಡಿ ಎಲ್ಲರಿಗೂ ಹಂಚುತ್ತಾನೆ. ಅದು ಆ ಮನೆಯವರ ಕೊನೆಯ ಸಹಪಂಕ್ತಿ. ಈ ದೃಶ್ಯದಲ್ಲಿ ಯಾರೂ ಅಳುವುದಿಲ್ಲ. ನೋಡುತ್ತ ಕುಳಿತ ನನಗೆ ಮಾತ್ರ ಗಂಟಲು ಕಟ್ಟಿತು.

ಗುಂಪಿನಿಂದ ಹೊರಗೆಳೆಯಲ್ಪಟ್ಟು ಶ್ಪಿಲ್ಮನ್ ಒಬ್ಬನೇ ಉಳಿಯುತ್ತಾನೆ. ನಾಯಕ ಏನನ್ನೂ ಮಾಡುವುದಿಲ್ಲ, ಕಿಟಕಿಯಾಚೆ ನೋಡುತ್ತಾನಷ್ಟೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ನನಗೆ ಅದು ದೋಷವಾಗಿ ಕಾಣುವುದಿಲ್ಲ. 1943ರ ಘೆಟ್ಟೊ ದಂಗೆಯನ್ನೂ ಮರುವರ್ಷದ ವಾರ್ಸಾ ದಂಗೆಯನ್ನೂ ಬೇರೆಯವರ ಬಾಗಿಲ ಹಿಂದೆ ಅಡಗಿ ನೋಡಬೇಕಾದವನ ಸ್ಥಿತಿಯೇ ಅದು. ಅಡಗುತಾಣವೊಂದರಲ್ಲಿ ಪಿಯಾನೊ ಇದೆ, ಆದರೆ ಸದ್ದು ಮಾಡುವಂತಿಲ್ಲ. ಅವನು ಮುಚ್ಚಳ ತೆರೆದು, ಕೀಲಿಮಣೆಯನ್ನು ಮುಟ್ಟದೆ ಗಾಳಿಯಲ್ಲಿಯೇ ಬೆರಳಾಡಿಸುತ್ತಾನೆ. ಪಾತ್ರಕ್ಕಾಗಿ ಮೈ ಇಳಿಸಿಕೊಂಡು ಆಸ್ಕರ್ ಪಡೆದ ಏಡ್ರಿಯನ್ ಬ್ರೋಡಿಯ ಅಭಿನಯದ ತೂಕ ತಿಳಿಯುವುದು ಆ ಮೌನದ ಕ್ಷಣದಲ್ಲಿ.

ಪಾಳುಬಿದ್ದ ಮನೆಯಲ್ಲಿ ಸೌತೆಕಾಯಿಯ ಡಬ್ಬಿ ತೆರೆಯಲು ಹೆಣಗುತ್ತಿರುವಾಗ ಜರ್ಮನ್ ಅಧಿಕಾರಿ ವಿಲ್ಮ್ ಹೋಸೆನ್‌ಫೆಲ್ಡ್ ಎದುರಾಗಿ, ಪಿಯಾನೊ ನುಡಿಸಲು ಹೇಳುತ್ತಾನೆ. ಶ್ಪಿಲ್ಮನ್ ಅವರ ಆತ್ಮಕಥನದಲ್ಲಿ ಆಗ ನುಡಿಸಿದ್ದು ಆರಂಭದ ನಾಕ್ಟರ್ನ್. ಚಿತ್ರದಲ್ಲಿ ಅದರ ಬದಲು ಶೋಪ್ಯಾನ್‌ನದೇ ದೀರ್ಘ ಕೃತಿಯಾದ ಜಿ ಮೈನರ್ ಬಲಾಡ್ ಇದೆ. ಸುತ್ತಲಿನ ಪಾಳು ನಗರಕ್ಕೆ ಆ ಪುಟ್ಟ ನಾಕ್ಟರ್ನ್ ಹೆಚ್ಚು ಒಪ್ಪುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಪೋಲೆಂಡಿನವರು ಇಂಗ್ಲಿಷಿನಲ್ಲಿ ಮಾತನಾಡುವುದೂ ಆಗಾಗ ಕಿವಿಗೆ ಒಗ್ಗುವುದಿಲ್ಲ. ಆದರೂ, ಚಳಿಗೆ ಮರಗಟ್ಟಿದ ಬೆರಳುಗಳು ಮೊದಲ ಸ್ವರಗಳನ್ನು ತಡವರಿಸುತ್ತ ಹುಡುಕುವ ಬಗೆ ಸುಳ್ಳೆನಿಸುವುದಿಲ್ಲ. ವಾದನ ಯಾನುಷ್ ಓಲೆಯ್ನಿಚಾಕ್ ಅವರದು.

ಅನ್ನ, ಕೋಟು ಕೊಟ್ಟು ಕಾಪಾಡಿದ ಆ ಅಧಿಕಾರಿ 1952ರಲ್ಲಿ ಸೋವಿಯತ್ ಸೆರೆಯಲ್ಲಿ ಸತ್ತ ಸಂಗತಿಯನ್ನು ಚಿತ್ರ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಅಲ್ಲಿಗೆ ಎದ್ದು ಹೋಗಬೇಡಿ. ಹೆಸರುಗಳು ಸರಿಯುತ್ತಿರುವಾಗ, ಅಡಗುತಾಣದಲ್ಲಿ ಗಾಳಿಯನ್ನಷ್ಟೇ ಮೀಟಿದ್ದ ಆ ಕೈಗಳು ಈಗ ತುಂಬು ವಾದ್ಯವೃಂದದ ನಡುವೆ ಕೀಲಿಮಣೆಯ ಮೇಲೆ ಓಡಾಡುತ್ತಿರುತ್ತವೆ.