ಮಕ್ಕಳ ಆಸ್ತಮಾಗೆ ಡಿಎನ್‌ಎ ಟೆಸ್ಟ್ ಕಿಟ್: ದುಡ್ಡು ಹಾಕೋ ಮುಂಚೆ ಓದಿ

5ಕ್ಕೆ 2 ಸ್ಟಾರ್. ಕಂಪನಿ ಹೆಸರು ಬೇಡ, ಉಗುಳಿನ ಡಿಎನ್‌ಎ ನೋಡಿ ಆಸ್ತಮಾ ರಿಸ್ಕ್ ಹೇಳೋ ಇಂಥ ಕಿಟ್‌ಗಳು ಆನ್‌ಲೈನಲ್ಲಿ ಬೇಕಾದಷ್ಟಿವೆ.

ನನ್ನ ಮಗನಿಗೆ 8 ವರ್ಷ. ಶೀತ ಆಯ್ತು ಅಂದ್ರೆ ಮಾರನೇ ರಾತ್ರಿಗೆ ಎದೇಲಿ ಸುಯ್ ಸುಯ್ ಅನ್ನೋ ವೀಸಿಂಗ್ ಶುರು, ಪಕ್ಕೆ ಒಳಗೆಳ್ಕೊಂಡು ಉಸಿರಾಡ್ತಾನೆ, ನೋಡೋಕಾಗಲ್ಲ. ಹಾಗಾಗಿ ಆ್ಯಡ್ ನೋಡಿ 9 ಸಾವಿರ ಕೊಟ್ಟು ತರಿಸ್ದೆ. ಕಿಟ್ ಬೇಗ ಬಂತು, ಅದಕ್ಕೇ ಆ 2 ಸ್ಟಾರ್. ಟ್ಯೂಬಲ್ಲಿ ಗೆರೆವರೆಗೂ ಉಗುಳಬೇಕು, ಅರ್ಧ ಗಂಟೆ ಮುಂಚೆಯಿಂದ ಏನೂ ತಿನ್ನಂಗಿಲ್ಲ, ಪಾಪ ಅವನಿಗೆ ಬಾಯಿ ಒಣಗಿ ಬರೀ ನೊರೆ ಬರ್ತಿತ್ತು, ಕೊನೆಗೆ ನಾನು ಎದುರಿಗೆ ಕೂತು ಹುಣಸೇಹಣ್ಣು ಚೀಪಿದ್ಮೇಲೆ ಟ್ಯೂಬ್ ತುಂಬ್ತು.

ರಿಪೋರ್ಟ್ 40 ಪುಟ, ಆಸ್ತಮಾಗೆ ಒಂದೇ ಪುಟ. 17ನೇ ಕ್ರೋಮೋಸೋಮಲ್ಲಿ ಓಆರ್‌ಎಂಡಿಎಲ್3 ಜೀನ್ ಹತ್ರ ವ್ಯತ್ಯಾಸ ಇದೆ, ರಿಸ್ಕ್ ಜಾಸ್ತಿ ಅಂತ. ಆಸ್ತಮಾ ಬಂದಾಗಿರೋ ಮಗೂಗೆ ಅದನ್ನ ಹೇಳಿದ್ರೆ ನಾನೇನ್ ಮಾಡ್ಲಿ?

ಸೈನ್ಸ್ ಸುಳ್ಳಲ್ಲ. ಆಸ್ತಮಾ ಜೊತೆ ಆ ಜೀನಿನ ನಂಟು 2007ರಲ್ಲೇ ಬ್ರಿಟನ್, ಜರ್ಮನಿ ಮಕ್ಕಳಲ್ಲಿ ಸಿಕ್ಕಿದ್ದು. 2014ರಲ್ಲಿ ಸಿಡಿಎಚ್‌ಆರ್3 ಅನ್ನೋ ಜೀನ್ ಸಿಕ್ತು, ಚಿಕ್ಕ ಮಕ್ಕಳು ಆಸ್ಪತ್ರೆ ಸೇರೋಷ್ಟು ಜೋರಾಗೋ ಆಸ್ತಮಾದ್ದು, ಒಂದು ಬಗೆ ಶೀತದ ವೈರಸ್ ಈ ಜೀನಿಂದ ಆಗೋ ಪ್ರೋಟೀನನ್ನೇ ಹಿಡ್ಕೊಂಡು ಜೀವಕೋಶದೊಳಗೆ ನುಗ್ಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಓದಿದಾಗ ನಮ್ಮನೆ ಕತೆನೇ ಅನ್ನಿಸ್ತು. ಆದ್ರೆ ಇಂಥ ಜೀನ್‌ಗಳು ತುಂಬಾ ಇವೆ, ಒಂದೊಂದರ ಪಾಲೂ ಚಿಕ್ಕದು, ಧೂಳು, ಹೊಗೆಯ ಪಾಲು ಬೇರೆ.

ನಮ್ಮ ಡಾಕ್ಟ್ರು ರಿಪೋರ್ಟ್ ಪಕ್ಕಕ್ಕಿಟ್ಟು "ಇನ್ಹೇಲರ್ ಪಂಪ್ ಹೆಂಗೆ ತಗೋತಾನೆ ತೋರ್ಸಿ" ಅಂದ್ರು. ತುಟಿ ಪಕ್ಕದಿಂದ ಗಾಳಿ ಲೀಕ್ ಆಗ್ತಿತ್ತು! ಪಂಪಿಗೆ ಸಿಗಿಸೋ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಸ್ಪೇಸರ್‌ನ ನಾನು ಬಟ್ಟೇಲಿ ಒರೆಸ್ತಿದ್ದೆ, ಅದೂ ತಪ್ಪಂತೆ, ಒರೆಸಿದ್ರೆ ಔಷಧ ಅದರ ಗೋಡೆಗೇ ಅಂಟ್ಕೊಳ್ಳುತ್ತೆ, ಸೋಪಿನ ನೀರಲ್ಲಿ ತೊಳ್ದು ತಾನಾಗೇ ಒಣಗೋಕೆ ಬಿಡ್ಬೇಕು. ಆ ಹತ್ತು ನಿಮಿಷದಿಂದ ಆಗಿರೋ ಅನುಕೂಲ 40 ಪುಟದಿಂದ ಆಗ್ಲಿಲ್ಲ.

ಆದ್ರೂ ಇಂಥ ಜೀನ್ ರಿಸರ್ಚಿಂದ ಮುಂದೆ ಬರೋ ಔಷಧದ ಮೇಲೆ ನನಗೆ ಆಸೆ ಇದೆ. ಆಸ್ತಮಾಗೆ ನಂಟಿರೋ ಇನ್ನೊಂದು ಜೀನ್ ಟಿಎಸ್‌ಎಲ್‌ಪಿ, ಅದರ ಪ್ರೋಟೀನ್ ತಡೆಯೋ ಟೆಜಿಪೆಲುಮ್ಯಾಬ್ ಇಂಜೆಕ್ಷನ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ತೀವ್ರ ಆಸ್ತಮಾ ಇರೋ 12 ವರ್ಷ ತುಂಬಿದವರಿಗೆ, 4 ವಾರಕ್ಕೊಂದು. ದಿನಾ ತಗೊಳ್ಳೋ ಪಂಪ್‌ನೇ ದುಡ್ಡಿಲ್ದೆ ಮಧ್ಯದಲ್ಲಿ ಬಿಡೋ ಮನೆಗಳನ್ನ ನಾನು ನೋಡಿದೀನಿ, ಇಂಥ ಇಂಜೆಕ್ಷನ್ ಆ ಮಕ್ಕಳಿಗೆ ಯಾವಾಗ ಸಿಗೋದು? ನಮ್ಮ ಮಕ್ಕಳ ಉಗುಳು ರಿಸರ್ಚಿಗೆ ಬೇಕು ಅಂದ್ರೆ ಔಷಧಾನೂ ನಮ್ಮ ಕೈಗೆಟುಕೋ ರೇಟಲ್ಲಿ ಬರ್ಲಿ.

ಹಾಗೂ ತಗೊಳ್ಳೋರು ಇದ್ರೆ, ಫಾರ್ಮಲ್ಲಿ "ಸ್ಯಾಂಪಲ್ ರಿಸರ್ಚಿಗೆ ಬಳಸ್ಬೋದು" ಅನ್ನೋ ಕಡೆ ಮೊದಲೇ ಟಿಕ್ ಆಗಿರುತ್ತೆ, ನೋಡ್ಕೊಳ್ಳಿ. ನಾನು ನೋಡಿರ್ಲಿಲ್ಲ. ಡಿಲೀಟ್ ಮಾಡಿ ಅಂತ ಎರಡು ಸಲ ಮೇಲ್ ಹಾಕಿದೀನಿ, ಇನ್ನೂ ರಿಪ್ಲೈ ಇಲ್ಲ.